ಗೂಟ ನೆಡುವ ಗುರುವಾರ: ಲ್ಯಾಕ್ಸ್‌ಟನ್ ಎಂಬ ಇಂಗ್ಲಿಷ್ ಹಳ್ಳಿಯ ಬಗ್ಗೆ

ಟ್ರೆಂಟ್‌ದಂಡೆ:

ಹೋದ ವರ್ಷ ನವೆಂಬರ್ ತಿಂಗಳ ಕೊನೆಯ ಗುರುವಾರ ಕೆಲಸಕ್ಕೆ ರಜೆ ಹಾಕಿ ಲ್ಯಾಕ್ಸ್‌ಟನ್‌ಗೆ ಹೋಗಿದ್ದೆ. ನಾಟಿಂಗ್‌ಹ್ಯಾಮ್‌ಶೈರ್‌ನ ಸಣ್ಣ ಹಳ್ಳಿ. ನಾನಿರುವ ನೆವಾರ್ಕ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ಸಾಕು. ಒಂಬತ್ತು ವರ್ಷ ಅದರ ಆಚೀಚೆ ಓಡಾಡಿದ್ದರೂ ಊರೊಳಗೆ ಕಾಲಿಟ್ಟಿರಲಿಲ್ಲ. ನೋಡಿ ಬಂದ ಮೇಲೆ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಹಳ್ಳಿ ಎಂದರೆ ನಾವೆಲ್ಲ ಜೇನುಬಣ್ಣದ ಕಲ್ಲಿನ ಮನೆ, ಬಾಗಿಲ ಮೇಲೆ ಗುಲಾಬಿ ಬಳ್ಳಿ ಎಂದುಕೊಂಡಿರುತ್ತೇವೆ. ಇದು ಹಾಗಿಲ್ಲ. ಕೆಂಪು ಇಟ್ಟಿಗೆಯ ಮನೆಗಳು, ಎಷ್ಟೋ ಮನೆ ಬೀದಿಗೆ ಪಕ್ಕೆ ಕೊಟ್ಟು ನಿಂತಿವೆ. ಹಿಂದೆ ಅಂಗಳ, ಕೊಟ್ಟಿಗೆ, ಟ್ರ್ಯಾಕ್ಟರ್. ಈ ದೇಶದಲ್ಲಿ ರೈತನ ಮನೆ ಸಾಮಾನ್ಯವಾಗಿ ಊರಿನಿಂದ ದೂರ, ಅವನ ಜಮೀನಿನ ನಡುವೆ ಒಂಟಿಯಾಗಿರುತ್ತದೆ. ಇಲ್ಲಿ ರೈತರೆಲ್ಲ ಒಂದೇ ಬೀದಿಯಲ್ಲಿ, ನಮ್ಮ ಊರುಗಳ ಹಾಗೆ. ಕಾರಣ ಹೊಲದಲ್ಲಿದೆ.

ಊರ ಸುತ್ತ ಮೂರು ದೊಡ್ಡ ಬಯಲುಗಳಿವೆ: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಳಗೆ ಬೇಲಿಯಿಲ್ಲ. ಬಯಲು ಉದ್ದುದ್ದ ಪಟ್ಟಿಗಳಾಗಿ ಹಂಚಿಹೋಗಿದೆ. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ, ಮೂರೂ ಬಯಲಲ್ಲಿ ಚದುರಿರುತ್ತವೆ. ಒಳ್ಳೆಯ ಮಣ್ಣೂ ನೀರು ನಿಲ್ಲುವ ತಗ್ಗೂ ಎಲ್ಲರ ಪಾಲಿಗೂ ಬರಲಿ ಎಂಬ ಲೆಕ್ಕ ಅದು. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಬೀಳಿನ ಸರದಿ ಬಂದ ಬಯಲಲ್ಲಿ ಹಿಂದೆ ಊರಿನ ಕುರಿ ಮೇಯುತ್ತಿದ್ದವು, ಈಗ ಹೆಚ್ಚಾಗಿ ಮೇವು ಬೆಳೆಯುತ್ತಾರೆ. ಮರುವರ್ಷ ಸರದಿ ಬದಲು. ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುಭಾಗದ ಹಳ್ಳಿಗಳ ಬೇಸಾಯ ಹೆಚ್ಚಾಗಿ ಹೀಗೇ ನಡೆಯುತ್ತಿತ್ತು. 1604ರಿಂದ 1914ರವರೆಗೆ ಪಾರ್ಲಿಮೆಂಟ್ 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಬಯಲು, ಗೋಮಾಳಗಳಿಗೆ ಬೇಲಿ ಹಾಕಿಸಿತು. ಲ್ಯಾಕ್ಸ್‌ಟನ್‌ನ ಈ ಮೂರು ಬಯಲು ಉಳಿದವು.

ಆ ಗುರುವಾರ ಊರಿನ ಹನ್ನೆರಡು ಜನರ ಜ್ಯೂರಿ, ಅಂದರೆ ಪಂಚರು, ಹೊಸದಾಗಿ ಗೋಧಿ ಬಿತ್ತಿದ ಬಯಲನ್ನು ನೋಡಲು ಹೊರಡುತ್ತಾರೆ. ಯಾರಾದರೂ ಪಕ್ಕದವನ ಪಟ್ಟಿಯನ್ನು ಒಂದು ಸಾಲು ಒತ್ತಿ ಉತ್ತಿದ್ದಾರೆಯೇ? ದಾರಿಗೆ ನೇಗಿಲು ತಾಗಿಸಿದ್ದಾರೆಯೇ? ಇಳಿಜಾರಿನಲ್ಲಿ ಉಳಲಾಗದೆ ಹುಲ್ಲಿಗೆ ಬಿಟ್ಟ ಜಾಗಗಳಿವೆ, ಅವಕ್ಕೆ 'ಸೈಕ್' ಎನ್ನುತ್ತಾರೆ, ಅದರ ಅಂಚು ಕೆತ್ತಿದ್ದಾರೆಯೇ? ಗಡಿ ತಪ್ಪಿದ ಕಡೆ ಅಳತೆ ಹಿಡಿದು, ಸುತ್ತಿಗೆಯಲ್ಲಿ ಹೊಡೆದು ಮರದ ಗೂಟ ನೆಡುತ್ತಾರೆ. ತಪ್ಪನ್ನು ಬರೆದುಕೊಳ್ಳುತ್ತಾರೆ. ಒಂದು ವಾರದ ಮೇಲೆ ಡವ್‌ಕೋಟ್ ಇನ್ ಎಂಬ ಊರ ಪಬ್ಬಿನಲ್ಲಿ 'ಕೋರ್ಟ್ ಲೀಟ್' ಕೂರುತ್ತದೆ. ಊರ ನ್ಯಾಯಸಭೆ. ಅಲ್ಲಿ ದಂಡ ಹಾಕುತ್ತಾರೆ, ಮುಂದಿನ ಪಂಚರಿಗೆ ಪ್ರಮಾಣ ವಚನ ಬೋಧಿಸುತ್ತಾರೆ. ಇಂಥ ಸಭೆಗಳು ಇಂಗ್ಲೆಂಡಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದರೂ ಹೆಚ್ಚಿನವು ಹಬ್ಬದ ಮೆರವಣಿಗೆಯಷ್ಟೇ. 1977ರ ಕಾಯ್ದೆ ಅವುಗಳಲ್ಲಿ ಬಹುಪಾಲಿನ ಅಧಿಕಾರ ತೆಗೆದುಹಾಕಿತು. ಇಲ್ಲಿ ಮಾತ್ರ ನಿಜವಾದ ಹೊಲದ ನಿಜವಾದ ತಂಟೆಯನ್ನು ಸಭೆಯೇ ಬಗೆಹರಿಸುತ್ತದೆ.

ನಾನು ಹಿಂದೆ ಹಿಂದೆ ನಡೆದೆ. ಮಂಜು, ಬೂಟಿಗೆ ಮೆತ್ತುವ ಜೇಡಿಮಣ್ಣು. ನನ್ನ ಗಂಟಲು ಕಟ್ಟಿದ್ದು ಒಂದು ಸಣ್ಣ ವಿಷಯಕ್ಕೆ. ಪಂಚರಲ್ಲೇ ಒಬ್ಬರು ಉತ್ತ ಪಟ್ಟಿ ದಾರಿಯನ್ನು ಒಂದು ಗೇಣು ತಿಂದಿತ್ತು. ಉಳಿದವರು ಅವರೆದುರೇ ಅಳೆದರು. ಅವರೇ ಗೂಟ ಹಿಡಿದು ನಿಂತರು, ಪಕ್ಕದ ಹೊಲದವರು ಸುತ್ತಿಗೆ ಹೊಡೆದರು. ಆಮೇಲೆ ಇಬ್ಬರೂ ಒಂದೇ ಟ್ರೇಲರ್ ಹತ್ತಿದರು.

ನನ್ನ ಅಪ್ಪ ಮತ್ತು ದೊಡ್ಡಪ್ಪ ಎರಡು ಅಡಿ ಬದುವಿಗಾಗಿ ಹದಿನಾರು ವರ್ಷ ಮಾತು ಬಿಟ್ಟಿದ್ದರು. ದೊಡ್ಡಪ್ಪ ತೀರಿಕೊಂಡ ದಿನವೇ ಅಪ್ಪ ಆ ಮನೆಯ ಹೊಸ್ತಿಲು ದಾಟಿದ್ದು. ಲ್ಯಾಕ್ಸ್‌ಟನ್‌ನ ಹೊಲದಲ್ಲಿ ನಿಂತಾಗ ನನಗೆ ಅದೇ ನೆನಪು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇರುವವರು, ಇದ್ದು ಬಂದವರು ಹೇಳಿ: ಊರನ್ನು ಒಟ್ಟಾಗಿ ಹಿಡಿದಿಡುವುದು ಯಾವುದು?

ಎರೆಹೊಲ:

ಛಲೋ ಬರದೀರಿ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಹೊಲ ಯಾರದು? ಆ ರೈತರದೇನು?

ನನಗ ಗೊತ್ತಿರೋ ಮಟ್ಟಿಗೆ ಅವರೆಲ್ಲ ಗೇಣಿದಾರರು. ನಮ್ಮಲ್ಲಿ 1974ರಿಂದ ಉಳುವವನಿಗೇ ಭೂಮಿ ಅಂತ ಕಾನೂನು ಜಾರಿಗೆ ಬಂತು, ನಮ್ಮಜ್ಜ ಅರ್ಜಿ ಹಾಕಿ ಆರು ಎಕರೆ ತನ್ನ ಹೆಸರಿಗೆ ಮಾಡಿಸಿಕೊಂಡ. ಪಹಣಿಯಾಗ ಹೆಸರು ಬಂದ ದಿನ ಮನ್ಯಾಗ ಹೋಳಿಗಿ ಮಾಡಿದ್ರಂತ. ಲ್ಯಾಕ್ಸ್‌ಟನ್ ರೈತನ ಹೆಸರಿಗೆ ಇವತ್ತಿಗೂ ಆ ಪಟ್ಟಿ ಇಲ್ಲ. ಒಡೆಯ ಒಬ್ಬನ ಅದಾನ ಅಂತನs ಬೇಲಿ ಬೀಳಲಿಲ್ಲ, ವ್ಯವಸ್ಥಾ ಉಳೀತು. ನಾಳೆ ಒಡೆಯ ಬ್ಯಾಡ ಅಂದ್ರ? ಚಂದ ನೋಡೋದರ ಜೋಡಿ ಇದನ್ನೂ ನೋಡ್ರಿ ಅಂತ ನನ್ನ ವಿನಂತಿ.

ಟ್ರೆಂಟ್‌ದಂಡೆ:

ನೀವು ಹೇಳಿದ್ದು ಸರಿ, ಅದನ್ನು ನಾನು ಮೊದಲೇ ಬರೆಯಬೇಕಿತ್ತು. ಊರು ಮ್ಯಾನ್ವರ್ಸ್ ಅರ್ಲ್ ಎಂಬ ಬಿರುದಿನ ಜಮೀನ್ದಾರ ಮನೆತನದ್ದಾಗಿತ್ತು. 1952ರಲ್ಲಿ ಅವರು ಅದನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿದರು. ಈ ಬೇಸಾಯ ಪದ್ಧತಿ ಉಳಿಯಬೇಕು ಎಂಬುದೇ ಆ ಮಾರಾಟದ ಹಿಂದಿನ ಉದ್ದೇಶ. 1981ರಲ್ಲಿ ಕ್ರೌನ್ ಎಸ್ಟೇಟ್‌ಗೆ, ಅಂದರೆ ರಾಜಗದ್ದುಗೆಯ ಹೆಸರಿನ ಆಸ್ತಿಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಹೋಯಿತು. ಕ್ರೌನ್ ಎಸ್ಟೇಟ್ ಮಾರಲು ಹೊರಟಾಗ ಊರಿಗೆ ಊರೇ ಆತಂಕದಲ್ಲಿತ್ತು ಎಂದು ಪಬ್ಬಿನಲ್ಲಿ ಹಿರಿಯರೊಬ್ಬರು ಹೇಳಿದರು. ಕೊನೆಗೆ 2020ರಲ್ಲಿ ಕೊಂಡದ್ದು ಥೋರ್ಸ್‌ಬಿ ಎಸ್ಟೇಟ್, ಅಂದರೆ ಆ ಹಳೆಯ ಮನೆತನದ ವಾರಸುದಾರರೇ.

ಹಾಗಾಗಿ ಇದು ರೈತರ ಸ್ವರಾಜ್ಯವಲ್ಲ. ಪಟ್ಟಿಗಳೂ ಹಿಂದಿನಷ್ಟು ಇಲ್ಲ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಊರಿನ ನಕ್ಷೆ ಬರೆದ. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಉಳುವವರು, ಕುರಿ ಕಾಯುವವರು, ಬೇಟೆಗಾರರು ಎಲ್ಲ ಅದರಲ್ಲಿ ಪುಟ್ಟ ಪುಟ್ಟ ಚಿತ್ರಗಳಾಗಿದ್ದಾರೆ. ಆಗ ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳಿದ್ದವು. 20ನೇ ಶತಮಾನದ ಆರಂಭದಲ್ಲಿ ಅವನ್ನು ಕೂಡಿಸಿ ದೊಡ್ಡದು ಮಾಡಿದರು. ಇಲ್ಲದಿದ್ದರೆ ಈಗಿನ ಯಂತ್ರ ತಿರುಗಿಸಲೂ ಜಾಗ ಸಾಲುತ್ತಿರಲಿಲ್ಲ.

ಒಡೆತನ ಮೂರು ಸಲ ಕೈ ಬದಲಾದರೂ ಗೂಟ ನೆಡುವ ಗುರುವಾರ ಒಂದೇ ಒಂದು ಸಲವೂ ಒಡೆಯ ಬಂದು ನಡೆಸಿಕೊಟ್ಟದ್ದಲ್ಲ. ಒಡೆಯನ ಪರವಾಗಿ ಸಭೆಯಲ್ಲಿ ಒಬ್ಬ ಅಧಿಕಾರಿ ಕೂರುತ್ತಾರೆ, ನಿಜ. ಆದರೆ ಹೊಲದಲ್ಲಿ ಅಳೆಯುವವರು ಊರವರು. ನನಗೆ ಮುಖ್ಯವಾಗಿ ಕಂಡದ್ದು ಅದು.

ಕಡಲಂಚು:

ನಾನು ಸಫೋಕ್‌ನಲ್ಲಿ ಇರುವುದು. ನಮ್ಮ ಹಳ್ಳಿಯಲ್ಲಿ ಪಂಚರೂ ಇಲ್ಲ, ಗೂಟವೂ ಇಲ್ಲ. ಆದರೆ ಗಂಟೆ ಉಂಟು ಮಾರಾಯ್ರೆ.

ಚರ್ಚಿನ ಗೋಪುರದಲ್ಲಿ ಆರು ಗಂಟೆಗಳು. ಸಣ್ಣ ಗಂಟೆಯಿಂದ ದೊಡ್ಡದರವರೆಗೆ ಒಂದೊಂದಕ್ಕೂ ಒಬ್ಬೊಬ್ಬರು ಹಗ್ಗ ಹಿಡಿದು ವೃತ್ತವಾಗಿ ನಿಲ್ಲುವುದು. ಅಲ್ಲಿ ಹಾಡು ನುಡಿಸುವುದಿಲ್ಲ. ಗಂಟೆ ಬಾಯಿ ಮೇಲಾಗಿ ನಿಂತು ಒಂದು ಪೂರ್ತಿ ಸುತ್ತು ತಿರುಗಿ ಬಡಿಯುವುದರಿಂದ ಬೇಕಾದ ಹಾಗೆ ಅವಸರ ಮಾಡಲಿಕ್ಕೆ ಆಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಹೆಚ್ಚೆಂದರೆ ಪಕ್ಕದ ಗಂಟೆಯ ಜೊತೆ ಜಾಗ ಅದಲು ಬದಲು ಮಾಡಬಹುದು, ಅಷ್ಟೇ. ಹಾಗೆ ಬದಲಿಸುತ್ತ ಬದಲಿಸುತ್ತ ಆರು ಗಂಟೆಗಳಿಂದ ಬಾರಿಸುವ ಕ್ರಮದ 720 ಬೇರೆ ಬೇರೆ ಸಾಲು ಬರುತ್ತದೆ. ಒಂದು ಸಾಲು ಎರಡನೇ ಸಲ ಬರಬಾರದು. ಮುಗಿಸಲು ಅರ್ಧ ಗಂಟೆಯ ಹತ್ತಿರ ಬೇಕು. ಗೋಪುರದಲ್ಲಿ ಏಳು ಗಂಟೆಗಳಿದ್ದರೆ 5,040 ಸಾಲು, ಅದಕ್ಕೆ ಮೂರು ಗಂಟೆ ಹೊತ್ತು. ಕಾಗದ ನೋಡುವಂತಿಲ್ಲ, ಎಲ್ಲ ತಲೆಯಲ್ಲಿ ಇರಬೇಕು.

ಒಂದು ಮಂಗಳವಾರ ರಾತ್ರಿ ಸದ್ದು ಕೇಳಿ ಗೋಪುರದ ಮೆಟ್ಟಿಲು ಹತ್ತಿದೆ. ದೇವರನ್ನು ನಂಬುತ್ತೀರಾ, ಯಾವ ಜಾತಿ, ಯಾವ ದೇಶ, ಯಾರೂ ಕೇಳಲಿಲ್ಲ. 'ಮುಂದಿನ ವಾರವೂ ಬರುತ್ತೀರಾ?' ಇದೊಂದೇ ಪ್ರಶ್ನೆ. ಯಾಕೆ ಅಂತ ಆಮೇಲೆ ಅರ್ಥ ಆಯಿತು. ಐದು ಜನ ಬಂದು ಆರನೆಯವ ಬಾರದಿದ್ದರೆ ಅಭ್ಯಾಸ ಮಾಡುತ್ತಿರುವ ಆ ಸಾಲು ಸಾಗುವುದೇ ಇಲ್ಲ. ಹಗ್ಗದ ಮೇಲೆ ಉಣ್ಣೆ ಸುತ್ತಿದ ಹಿಡಿ ಇರುತ್ತದೆ, ಅದನ್ನು ಸರಿಯಾದ ಗಳಿಗೆಗೆ ಬಿಡಲಿಕ್ಕೆ ಕಲಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಕಲಿಸಿದ ಅಜ್ಜಿಗೆ ಎಂಬತ್ತು ದಾಟಿತ್ತು. ಒಂದು ದಿನವೂ ಬೇಸರ ಮಾಡಲಿಲ್ಲ.

ಚರ್ಚಿನ ಪ್ರಾರ್ಥನೆಗೆ ಬರುವವರು ಹದಿನೈದು ಜನ ಇದ್ದರೆ ಹೆಚ್ಚು. ಗಂಟೆ ಬಾರಿಸುವವರಲ್ಲಿ ಅರ್ಧ ಜನ ಪ್ರಾರ್ಥನೆಗೆ ಕೂರುವುದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಆರೂ ಹಗ್ಗದಲ್ಲಿ ಕೈ ಇರುತ್ತದೆ.

ಹಾಸನದ_ಸೊಸೆ:

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚನೆ ಮಾಡಿದೆ. ಬರೀತೀನಿ.

ನಾವು ಸಾಮರ್ಸೆಟ್‌ನ ಒಂದು ಹಳ್ಳಿಗೆ ಬಂದಾಗ ಮಗುವಿಗೆ ಏಳು ತಿಂಗಳು. ಯಜಮಾನರು ಬೆಳಿಗ್ಗೆ ಆರೂವರೆಗೆ ಹೊರಟರೆ ಬರುತ್ತಿದ್ದುದು ಕತ್ತಲಾದ ಮೇಲೆ. ನನಗೆ ಆಗ ಕಾರು ಓಡಿಸಲು ಬರುತ್ತಿರಲಿಲ್ಲ. ಬಸ್ಸು ದಿನಕ್ಕೆ ಎರಡು, ಆಮೇಲೆ ವಾರಕ್ಕೆ ಎರಡು ದಿನ ಮಾತ್ರ ಆಯಿತು. ಎದುರು ಸಿಕ್ಕವರೆಲ್ಲ ನಗುತ್ತಿದ್ದರು, ಹವಾಮಾನದ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಿದ್ದರು. ಯಾರೂ 'ಒಳಗೆ ಬನ್ನಿ' ಅನ್ನಲಿಲ್ಲ. ನಾನೂ ಹೋಗಲಿಲ್ಲ. ಆ ಚಳಿಗಾಲ ಅಡುಗೆಮನೆ ಕಿಟಕಿಯ ಹತ್ತಿರ ನಿಂತು ಎಷ್ಟು ಅತ್ತಿದ್ದೇನೋ ನನಗೇ ಗೊತ್ತು. ಹಳ್ಳಿ ಅಂದಮೇಲೆ ಜನ ತಾವಾಗಿಯೇ ಬಾಗಿಲು ತಟ್ಟುತ್ತಾರೆ ಅಂತ ನಂಬಿದ್ದೆ.

ಬದಲಾದದ್ದು ಹೀಗೆ. ಊರ ಸಭಾಭವನದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಶನಿವಾರದ ಸಂತೆಗೆ ಪಾತ್ರೆ ತೊಳೆಯಲು ಇಬ್ಬರು ಬೇಕು. ಹೆಸರು ಬರೆಯಲು ಎರಡು ಗೆರೆ ಖಾಲಿ ಇತ್ತು. ಒಂದರಲ್ಲಿ ನನ್ನ ಹೆಸರು ಬರೆದು ಬಂದೆ. ಶನಿವಾರ ಮೂರು ಗಂಟೆ ಕಾಲ ಕಪ್ಪು ಸಾಸರ್ ತೊಳೆದೆ, ಪಕ್ಕದಲ್ಲಿ ಒರೆಸುತ್ತಿದ್ದವರು ನಿವೃತ್ತ ಸೂಲಗಿತ್ತಿ ನರ್ಸ್. ಮಗು ಅಲ್ಲೇ ನೆಲದ ಮೇಲೆ ಮರದ ಚಮಚ ಬಡಿಯುತ್ತಿತ್ತು. ಕೈ ಕೆಲಸದಲ್ಲಿದ್ದಾಗ ಮಾತು ತಾನಾಗಿ ಬಂತು. ಮುಂದಿನ ವಾರ ಅವರೇ ಫೋನ್ ಮಾಡಿ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಸಭೆಗೆ ಕರೆದುಕೊಂಡು ಹೋದರು. ಈ ಮಹಿಳಾ ಸಂಘ 1897ರಲ್ಲಿ ಕೆನಡಾದಲ್ಲಿ ಹುಟ್ಟಿದ್ದಂತೆ, ಬ್ರಿಟನ್‌ಗೆ 1915ರಲ್ಲಿ, ಯುದ್ಧದ ನಡುವೆ ಬಂತು. ಊಟಕ್ಕೆ ಬೇಕಾದ್ದನ್ನು ಊರಲ್ಲೇ ಬೆಳೆದು ಕೆಡದಂತೆ ಇಡುವುದು ಆಗಿನ ದೊಡ್ಡ ಕೆಲಸ. ಈಗಲೂ ಜಾಮ್ ಮಾಡುತ್ತಾರೆ, ಅದರ ಜೊತೆಗೆ ಬಸ್ಸಿಗಾಗಿ ಕೌನ್ಸಿಲ್‌ಗೆ ಕಾಗದ ಬರೆಯುತ್ತಾರೆ.

ಒಬ್ಬರು ತೀರಿಕೊಂಡರೆ, ಆಸ್ಪತ್ರೆಯಿಂದ ಬಂದರೆ, ಅಡುಗೆ ಯಾರು ಕೊಡುವುದು ಎಂದು ಸರದಿ ಪಟ್ಟಿ ತಯಾರಾಗುತ್ತದೆ. ನನ್ನ ಎರಡನೇ ಹೆರಿಗೆಯಾದಾಗ ಹನ್ನೊಂದು ದಿನ ಸಂಜೆ ಬಾಗಿಲಲ್ಲಿ ಪಾತ್ರೆ ಇತ್ತು. ಮಾಂಸ ತಿನ್ನುವುದಿಲ್ಲ ಎಂದು ನಾನು ಒಬ್ಬರಿಗೆ ಹೇಳಿದ್ದೆ, ಹನ್ನೊಂದೂ ಮನೆಗೆ ಗೊತ್ತಿತ್ತು.

ಅವರ ಪ್ರೀತಿ ಇದು, ನಮಗೆ ಅಭ್ಯಾಸವಿಲ್ಲದ ರೀತಿಯದು. ಹೆಗಲ ಮೇಲೆ ಕೈ ಹಾಕುವುದಿಲ್ಲ, ಪಟ್ಟಿಯಲ್ಲಿ ಹೆಸರು ಬರೆಯುತ್ತಾರೆ. ನಾನು ಮೊದಲ ಚಳಿಗಾಲವೇ ಆ ಚೀಟಿ ನೋಡಿದ್ದರೆ ಎಂದು ಈಗಲೂ ಅನಿಸುತ್ತದೆ. ಹೊಸದಾಗಿ ಬಂದ ಹೆಣ್ಣುಮಕ್ಕಳು ಯಾರಾದರೂ ಓದುತ್ತಿದ್ದರೆ, ಕಾಯಬೇಡಿ, ಮೊದಲು ಸಭಾಭವನದ ಬಾಗಿಲು ನೋಡಿ ಬನ್ನಿ.

ಕಡಲಂಚು:

ಅಕ್ಕಾ, ಓದಿ ಕಣ್ಣು ತುಂಬಿತು. ನಿಮ್ಮ ಊರಿನ ಚೀಟಿ, ನಮ್ಮ ಗೋಪುರದ 'ಮುಂದಿನ ವಾರವೂ ಬರುತ್ತೀರಾ', ಎರಡೂ ಒಂದೇ ಅಲ್ವಾ.

ಮೇಷ್ಟ್ರು_ಶೆಫೀಲ್ಡ್:

ಟ್ರೆಂಟ್‌ದಂಡೆಯವರ ಪ್ರಶ್ನೆಗೆ ಡರ್ಬಿಶೈರ್‌ನ ಈಮ್ ಹಳ್ಳಿಯ ಕಥೆ ಹೇಳದೆ ಇರಲಾರೆ. ನಮ್ಮ ಮನೆಯಿಂದ ಹತ್ತಿರ, ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತೇನೆ.

1665ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನಲ್ಲಿ ಪ್ಲೇಗು ಬಂತು ಎಂಬುದು ಅಲ್ಲಿ ಹೇಳಿಕೊಂಡು ಬಂದ ಮಾತು. ಮರುವರ್ಷ ಜೂನ್‌ನಲ್ಲಿ ಊರವರು ಗಡಿ ದಾಟುವುದಿಲ್ಲ ಎಂದು ತೀರ್ಮಾನಿಸಿದರು. ಸುತ್ತಲಿನ ಹಳ್ಳಿಗಳಿಗೆ ರೋಗ ಹರಡಬಾರದು ಎಂದು. ಹೊರಗಿನವರು ಗಡಿಯಲ್ಲಿ ಆಹಾರ ಇಟ್ಟು ಹೋಗುತ್ತಿದ್ದರು. ಗಡಿಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯ ಹಾಕುತ್ತಿದ್ದರು. ಆ ಗುಳಿಗಳಿಗೆ ನನ್ನ ಮಕ್ಕಳು ಬೆರಳು ಹಾಕಿ ನೋಡುತ್ತಾರೆ. ಸುಮಾರು 260 ಜನ ಸತ್ತರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನದೊಳಗೆ ಗಂಡ ಮತ್ತು ಆರು ಮಕ್ಕಳನ್ನು ತಾನೇ ಹೊಲದಲ್ಲಿ ಹೂತಳು. ಆ ಸಮಾಧಿಗಳ ಸುತ್ತ ಈಗ ಗೋಡೆ ಕಟ್ಟಿದ್ದಾರೆ, ಪಕ್ಕದಲ್ಲಿ ಕುರಿ ಮೇಯುತ್ತಿರುತ್ತವೆ.

ಸಾಮಾನ್ಯವಾಗಿ ಪಾದ್ರಿ ವಿಲಿಯಂ ಮಾಂಪೆಸನ್‌ನ ಹೆಸರು ಹೇಳುತ್ತಾರೆ. ಆತ ಇನ್ನೂ ಮೂವತ್ತು ದಾಟದವನು, ಊರಿಗೆ ಹೊಸಬ, ಜನ ಅವನನ್ನು ಪೂರ್ತಿ ನಂಬಿರಲಿಲ್ಲ. ಊರಿಗೆ ನಂಬಿಕೆ ಇದ್ದದ್ದು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಮೇಲೆ. ಚರ್ಚಿನ ಪ್ರಾರ್ಥನೆಯ ಬಗ್ಗೆ ಬಂದ ಹೊಸ ಕಾಯ್ದೆಯ ಪ್ರಕಾರ ನಡೆಯಲು ಒಪ್ಪದೆ ಕೆಲಸ ಕಳೆದುಕೊಂಡವನು ಆತ. ಮತದ ವಿಷಯದಲ್ಲಿ ಎದುರುಬದುರಾಗಿದ್ದ ಇಬ್ಬರೂ ಒಟ್ಟಿಗೆ ನಿಂತು ಹೇಳಿದ್ದಕ್ಕೇ ಊರು ಕೇಳಿತು. ಮಾಂಪೆಸನ್‌ನ ಹೆಂಡತಿ ಕ್ಯಾಥರಿನ್ ಆ ಆಗಸ್ಟ್‌ನಲ್ಲಿ ತೀರಿಕೊಂಡಳು. ಇವತ್ತಿಗೂ ಆಗಸ್ಟ್ ಕೊನೆಯ ಭಾನುವಾರ ಊರವರು ಬಯಲಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಾರೆ. ಆಗ ರೋಗದ ಭಯಕ್ಕೆ ಚರ್ಚು ಮುಚ್ಚಿ ಬಯಲಿಗೆ ಬಂದಿದ್ದರಲ್ಲ, ಅದೇ ನೆನಪಿಗೆ.

ಎರೆಹೊಲ:

ಮೇಷ್ಟ್ರ, ಇದು ನನಗ ಗೊತ್ತಿರಲಿಲ್ಲ. ಆ ತಾಯಿ ವಿಷಯ ಓದಿ ಸುಮ್ನ ಕುಂತೆ.

ಈಗಿನ ಮಾತಿಗೆ ಬರ್ತೀನಿ. ನಾನು ಮೂರು ವರ್ಷ ಕಾರ್ನ್‌ವಾಲ್‌ನ್ಯಾಗ ಕೆಲಸ ಮಾಡಿದೆ. ಸಮುದ್ರದ ದಂಡಿ ಮ್ಯಾಲಿನ ಹಳ್ಳಿ. ಚಳಿಗಾಲದಾಗ ಸಂಜಿ ಐದಕ್ಕ ಹೊಂಟ್ರ ಓಣಿ ತುಂಬ ಕತ್ತಲಿ ಮನಿಗಳು. ಒಡೆಯರು ದೊಡ್ಡ ಊರಾಗ, ಇದು ಬ್ಯಾಸಿಗಿ ಮನಿ. ಅಲ್ಲೇ ಹುಟ್ಟಿ ಬೆಳೆದ ಮೀನುಗಾರನ ಮಗ ಮನಿ ಕೊಳ್ಳಾಕ ಆಗದ ಹದಿನೈದು ಮೈಲಿ ದೂರ ಹೋಗಿ ಬಾಡಿಗಿ ಇದ್ದ. ನನ್ನ ಜೋಡಿ ಕೆಲಸ ಮಾಡ್ತಿದ್ದ ಹುಡುಗ. ಜನಾನs ಇಲ್ಲದಿದ್ರ ಪಾತ್ರಿ ತೊಳಿಯೋರು ಯಾರು, ಹಗ್ಗ ಹಿಡಿಯೋರು ಯಾರು? ಅದಕ್ಕs ನಾನು ಮೊದಲು ಒಡೆತನ ಕೇಳಿದ್ದು.

ಕೆಂಪುಡಬ್ಬಿ:

ಒಡೆತನದ ಮಾತು ಬಂದದ್ದರಿಂದ ಹೇಳುತ್ತೇನೆ. 2011ರ ಲೋಕಲಿಸಂ ಕಾಯ್ದೆಯಲ್ಲಿ ಒಂದು ಅವಕಾಶವಿದೆ. ಊರಿನ ಪಬ್ಬು, ಅಂಗಡಿ, ಸಭಾಭವನವನ್ನು ಸಮುದಾಯಕ್ಕೆ ಬೇಕಾದ ಆಸ್ತಿ ಎಂದು ಕೌನ್ಸಿಲ್‌ನಲ್ಲಿ ಪಟ್ಟಿ ಮಾಡಿಸಬಹುದು. ಆಮೇಲೆ ಮಾಲೀಕ ಮಾರಲು ಹೊರಟರೆ, ನಾವು ಕೊಳ್ಳುತ್ತೇವೆ ಎಂದು ಊರವರು ಮುಂದೆ ಬಂದರೆ, ಹಣ ಹೊಂದಿಸಲು ಆರು ತಿಂಗಳ ಸಮಯ ಸಿಗುತ್ತದೆ. ಮಾಲೀಕ ಅವರಿಗೇ ಮಾರಬೇಕು ಎಂಬ ಕಡ್ಡಾಯ ಅದರಲ್ಲಿಲ್ಲ, ಸಮಯ ಮಾತ್ರ.

ಕಾಯ್ದೆಗೆ ಮೊದಲೇ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು 2003ರಲ್ಲಿ ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರಿ ಸಂಘ ಮಾಡಿ ಕೊಂಡರು. ನಮ್ಮ ಹಳ್ಳಿಯಲ್ಲೂ ಅಂಗಡಿ ಹೀಗೇ ಉಳಿಯಿತು. ಐದು ಷೇರು ನನ್ನವು. ಗುರುವಾರ ಬೆಳಿಗ್ಗೆ ಗಲ್ಲಾಪೆಟ್ಟಿಗೆಯಲ್ಲಿ ನಾನೇ ಕೂರುತ್ತೇನೆ. ಕಾಲು ಲೀಟರ್ ಹಾಲಿಗೆ ಬರುವ ಅಜ್ಜ ಅರ್ಧ ಗಂಟೆ ನಿಂತು ಮಾತಾಡಿ ಹೋಗುತ್ತಾರೆ. ಎರಡು ದಿನ ಬಾರದಿದ್ದರೆ ಹೋಗಿ ನೋಡಿ ಬರಬೇಕು ಎಂದು ಕೌಂಟರ್ ಒಳಗೆ ಅವರ ಮನೆ ಸಂಖ್ಯೆ ಬರೆದಿಟ್ಟಿದ್ದೇವೆ.

ಮಲೆನಾಡ_ಮಳೆ:

ಲ್ಯಾಕ್ಸ್‌ಟನ್ ನೋಡಲು ಯಾವಾಗ ಹೋಗಬೇಕು? ಮಕ್ಕಳಿಗೆ ಬೇಸರವಾಗುವುದಿಲ್ಲ ತಾನೆ?

ಟ್ರೆಂಟ್‌ದಂಡೆ:

ಬೇಸಿಗೆಯಲ್ಲಿ ಹೋಗಿ. ಪಬ್ಬಿನ ಹಿಂದೆ ಸಣ್ಣ ಮಾಹಿತಿ ಕೇಂದ್ರವಿದೆ, ಹೊಲದ ಕಾಲುದಾರಿಗಳ ನಕ್ಷೆ ಅಲ್ಲಿದೆ. ಊರ ಉತ್ತರಕ್ಕೆ ನಾರ್ಮನ್ ಕಾಲದ ಕೋಟೆಯ ಮಣ್ಣಿನ ದಿಬ್ಬ ಇದೆ, ಮಕ್ಕಳು ಓಡಿ ಹತ್ತುತ್ತಾರೆ. ಹತ್ತಿರದಲ್ಲೇ 1995ರಲ್ಲಿ ಶುರುವಾದ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಸ್ಮಾರಕ ಕೇಂದ್ರವಿದೆ. ದೊಡ್ಡ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ, ಅದರ ತೋಟದ ಬಿಳಿ ಗುಲಾಬಿಗಳ ನಡುವೆ ಸ್ವಲ್ಪ ಹೊತ್ತು ಕೂತು ಬನ್ನಿ.

ಎರೆಹೊಲ ಅವರೇ, ನೀವು ಎತ್ತಿದ ಪ್ರಶ್ನೆ ಹಿಡಿದುಕೊಂಡು ಬೇಸಿಗೆಯಲ್ಲಿ ಮತ್ತೆ ಹೋಗಿದ್ದೆ. ಸೈಕ್‌ಗಳ ಹುಲ್ಲು ಆಳೆತ್ತರ ಬೆಳೆದಿತ್ತು, ನಡುವೆ ಕಾಡು ಹೂವು. ನೂರಾರು ವರ್ಷ ನೇಗಿಲು ತಾಗದ ನೆಲ, ಅದಕ್ಕೇ ಅಷ್ಟು ಬಗೆಯ ಹೂವು. ಆ ಹುಲ್ಲನ್ನು ಊರವರು ಪ್ರತಿ ವರ್ಷ ಹರಾಜು ಹಾಕುತ್ತಾರೆ. ನವೆಂಬರ್‌ನಲ್ಲಿ ಗೂಟ ಹಿಡಿದು ನಿಂತಿದ್ದ ರೈತರು ಸಿಕ್ಕರು. ಜಮೀನು ನಿಮ್ಮದಲ್ಲ ಎಂಬುದು ಕಾಡುವುದಿಲ್ಲವೇ ಎಂದು ಕೇಳಿಯೇಬಿಟ್ಟೆ. ಗೇಣಿಯ ಕರಾರು ಮಗನಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ರಾತ್ರಿ ನಿದ್ದೆ ಬಾರದ್ದುಂಟು ಎಂದರು. ಮಗನಿಗೆ ಬೇಸಾಯದಲ್ಲೇ ಮನಸ್ಸಿದೆ, ಅದಕ್ಕೇ ಚಿಂತೆ ಇನ್ನೂ ಹೆಚ್ಚು ಎಂದರು. ಆಮೇಲೆ ನನ್ನನ್ನು ಕರೆದೊಯ್ದು ಆ ಗೂಟ ತೋರಿಸಿದರು. ಹುಲ್ಲಿನ ಮರೆಯಲ್ಲಿ ನೇರವಾಗಿ ನಿಂತಿತ್ತು. ಆ ಕಡೆ ಗೋಧಿ, ಈ ಕಡೆ ದಾರಿ.

ಅಪ್ಪನಿಗೆ ಎಂಬತ್ತೆರಡು ವರ್ಷ. ಆ ಗೂಟದ ಫೋಟೊ ತೆಗೆದು ಊರಿಗೆ ಕಳಿಸಿದೆ, ಏನೆಂದು ಫೋನಿನಲ್ಲಿ ವಿವರಿಸಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅಳತೆ ಹಿಡಿದವರು ಎಷ್ಟು ಜನ ಅಂದೆ?' ಎಂದು ಕೇಳಿದರು.

ಹನ್ನೆರಡು ಎಂದೆ.